ಲಾವಣಿ ಹೊಲಕ್ಕೆ ಐದು ವರ್ಷ ಕೊಡಿ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕಬ್ಬಿಗೆ ನೀರು ಹರಿಸಿ ಹರಿಸಿ ಸವಳು-ಜವಳಾದ ಹೊಲಗಳಿವೆ. ಊರು ಬಿಟ್ಟವರ ಪಾಳು ಜಮೀನೂ ಇದೆ. ಆದರೆ ಒಂದೆರಡು ಎಕರೆಯಲ್ಲಿ ಹಣ್ಣಿನ ಗಿಡ, ನುಗ್ಗೆ, ತೊಗರಿ ಬೆರೆಸಿ ಬೆಳೆಯುವ ನಮ್ಮಂಥವರಿಗೆ ಇನ್ನಷ್ಟು ಹೊಲ ಸಿಗುತ್ತಿಲ್ಲ. ಸಿಕ್ಕರೂ ಬಾಯಿಮಾತಿನ ಲಾವಣಿ (ಗೇಣಿ), ಅದೂ ಒಂದೇ ವರ್ಷಕ್ಕೆ! ಮಣ್ಣು ಹದಕ್ಕೆ ಬರುವಷ್ಟರಲ್ಲಿ ಹೊಲ ಬಿಟ್ಟುಕೊಟ್ಟಿದ್ದೇನೆ. ಮಾಲೀಕರನ್ನು ದೂರಲಾರೆ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು; ಹೊಲ ಉಳುವವನ ಪಾಲಾದೀತೆಂಬ ಅಂಜಿಕೆ ಅವರಿಗೆ ಇನ್ನೂ ಹೋಗಿಲ್ಲ. 2020ರ ತಿದ್ದುಪಡಿ ಹೊಲ ಕೊಳ್ಳುವವರಿಗೆ ಬಾಗಿಲು ತೆರೆಯಿತು, ದುಡ್ಡಿಲ್ಲದೆ ದುಡಿಯುವವರಿಗಲ್ಲ. ಒಡೆತನಕ್ಕೆ ಧಕ್ಕೆಯಾಗದಂಥ ಐದು ವರ್ಷದ ಲಿಖಿತ ಕರಾರಿಗೆ ಸರ್ಕಾರ ಅವಕಾಶ ಕೊಡಲಿ.

– ಒಬ್ಬ ಸಣ್ಣ ರೈತ, ರಾಯಬಾಗ ತಾಲೂಕು