ಈ ನೋಟ್‌ಬುಕ್ ಯಾರ ಕೈಗೆ?



ಕಳೆದ ತಿಂಗಳು ನಾಲ್ಕು ದಿನ ಕೋಟಗಿರಿಯ ಹತ್ತಿರ ಅಕ್ಕನ ಮನೆಯಲ್ಲಿದ್ದೆ. ಭಾನುವಾರ ಪೂಜೆ ಮುಗಿಸಿ ಬಂದು ತಿಂಡಿಗೆ ಕೂತರೆ ಭಾವ ಕಾಣಲಿಲ್ಲ. "ಎಲ್ಲಿ ಭಾವ?" ಎಂದು ಕೇಳಿದೆ. ಅಕ್ಕ ಅಡುಗೆಮನೆಯಿಂದಲೇ, "ಇನ್ನೆಲ್ಲಿ, ಕಾಡಿಗೆ! ರಾತ್ರಿಯೆಲ್ಲ ಮಂಡಿನೋವು ಅಂತ ಎಣ್ಣೆ ಹಚ್ಚಿಸಿಕೊಂಡವರು, ಬೆಳಿಗ್ಗೆ ಮೊದಲ ಪೂಜೆಗೆ ಹೋಗಿಬಂದು ಕತ್ತಿ ಹಿಡಿದು ಹೊರಟರು" ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇತ್ತು, ಒಂದಿಷ್ಟು ಹೆಮ್ಮೆಯೂ ಇತ್ತು.

ಭಾವನವರಿಗೆ ಈಗ ಎಪ್ಪತ್ತೆರಡು ವರ್ಷ. ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಊರಿನ ಮೇಲುಗಡೆ, ಟೀ ತೋಟಗಳ ನಡುವೆ, ಒಂದು ಸಣ್ಣ ಶೋಲಾ ಕಾಡು ಉಳಿದಿದೆ. ಊರಿನ ಕುಡಿಯುವ ನೀರು ಹುಟ್ಟುವುದು ಅಲ್ಲಿಯೇ. ನಿವೃತ್ತಿಯಾದಂದಿನಿಂದ ಭಾವ ಮತ್ತು ಅವರ ನಾಲ್ಕಾರು ಗೆಳೆಯರು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಆ ಕಾಡನ್ನು ನೋಡಿಕೊಳ್ಳುತ್ತಾ ಬಂದಿದ್ದಾರೆ. ಸಂಬಳವಿಲ್ಲ, ಸನ್ಮಾನವಿಲ್ಲ. ಜಿಗಣೆ ಕಚ್ಚಿದ ಗುರುತು ಮಾತ್ರ ಕಾಲ ತುಂಬ.

ನಮ್ಮಲ್ಲಿ ಹಲವರಿಗೆ ನೀಲಗಿರಿ ಎಂದರೆ ಊಟಿಯ ಹೂದೋಟ ಮತ್ತು ನೀಲಗಿರಿ ಎಣ್ಣೆ. ಆದರೆ ನಾವು ಕನ್ನಡದಲ್ಲಿ 'ನೀಲಗಿರಿ ಮರ' ಎಂದು ಕರೆಯುವ ಮರ ನೀಲಗಿರಿಯದಲ್ಲ, ಆಸ್ಟ್ರೇಲಿಯದ್ದು. ಬ್ರಿಟಿಷರು ಸೌದೆಗಾಗಿ ತಂದು ನೆಟ್ಟರು. ವ್ಯಾಟಲ್ ಮರವೂ ಅಲ್ಲಿಂದಲೇ ಬಂದದ್ದು. ಈ ಬೆಟ್ಟದ ಸ್ವಂತ ಸಂಪತ್ತು ಎಂದರೆ ಹುಲ್ಲುಗಾವಲು ಮತ್ತು ಶೋಲಾ. ಬೋಳು ಗುಡ್ಡದ ಮೇಲೆಲ್ಲ ಹುಲ್ಲು, ಎರಡು ಗುಡ್ಡಗಳ ನಡುವಿನ ಮಡಿಕೆಯಲ್ಲಿ ದಟ್ಟವಾದ ಗಿಡ್ಡ ಮರಗಳ ಕಾಡು. ತಮಿಳಿನ 'ಸೋಲೈ' ಎಂಬ ಪದವೇ ಇಂಗ್ಲಿಷರ ಬಾಯಲ್ಲಿ ಶೋಲಾ ಆಯಿತು.

ಈ ಕಾಡು ಒಂದು ದೊಡ್ಡ ಸ್ಪಂಜಿನಂತೆ. ಮಳೆಯನ್ನೂ ಮಂಜನ್ನೂ ಮರದ ಪಾಚಿ ಹಿಡಿದಿಡುತ್ತದೆ, ನೆಲದ ಮೇಲಿನ ತರಗೆಲೆ ಹೀರಿಕೊಳ್ಳುತ್ತದೆ, ಕಪ್ಪು ಮಣ್ಣು ಅದನ್ನು ನಿಧಾನವಾಗಿ ಕೆಳಗೆ ಬಿಡುತ್ತದೆ. ಆದ್ದರಿಂದಲೇ ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲೂ ಕೆಳಗಿನ ಹಳ್ಳಿಯ ಒರತೆ ಬತ್ತುವುದಿಲ್ಲ. ಆದರೆ ಶೋಲಾ ಒಮ್ಮೆ ಹೋದರೆ ಮತ್ತೆ ಬರುವುದು ಬಹಳ ಕಷ್ಟ. ಅದರ ಎಳೆಯ ಸಸಿಗಳು ಬಯಲಿನ ಹಿಮವನ್ನು ತಾಳಲಾರವು. ದೊಡ್ಡ ಮರದ ನೆರಳಿನಲ್ಲೇ ಅವು ಬೆಳೆಯಬೇಕು, ಅದೂ ಬಹಳ ನಿಧಾನವಾಗಿ.

ಕೋಟಗಿರಿಯ ಪಕ್ಕದಲ್ಲೇ ಲಾಂಗ್‌ವುಡ್ ಶೋಲಾ ಎಂಬ ಕಾಡಿದೆ. ವಿಸ್ತೀರ್ಣ ಸುಮಾರು 116 ಹೆಕ್ಟೇರ್, ಅಂದರೆ ಮುನ್ನೂರು ಎಕರೆಗೂ ಕಡಿಮೆ. ಸುತ್ತಲೂ ಪಟ್ಟಣ, ಹಳ್ಳಿ, ಟೀ ತೋಟ. ಇಂಥ ಜಾಗದಲ್ಲಿ ಒಂದು ಕಾಡು ಉಳಿದದ್ದೇ ದೊಡ್ಡದು. ಅರಣ್ಯ ಇಲಾಖೆಯ ಮೀಸಲು ಕಾಡು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಅಲ್ಲಿಯ ನಾಗರಿಕರು ಕಟ್ಟಿಕೊಂಡ ಕಾವಲು ಸಮಿತಿ. ಲಾಂಗ್‌ವುಡ್ ಶೋಲಾ ವಾಚ್‌ಡಾಗ್ ಕಮಿಟಿ ಎಂದೇ ಅದರ ಹೆಸರು. ಕೆ. ಜೆ. ರಾಜು ಅವರಂಥವರು ವರ್ಷಗಟ್ಟಲೆ ಈ ಕೆಲಸಕ್ಕೆ ಹೆಗಲು ಕೊಟ್ಟಿದ್ದಾರೆ.

ಈ ಕಾಡಿಗೆ 2024ರ ಜನವರಿ 31ರಂದು ಒಂದು ಗೌರವ ಬಂತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಅಂದರೆ ರಾಮ್‌ಸರ್ ಪಟ್ಟಿಗೆ ಭಾರತದಿಂದ ಐದು ಹೊಸ ಹೆಸರುಗಳು ಸೇರಿದವು ಎಂದು ಅಂದು ಪ್ರಕಟವಾಯಿತು. ದೇಶದ ಒಟ್ಟು ಸಂಖ್ಯೆ 75ರಿಂದ 80ಕ್ಕೇರಿತು. ಆ ಐದರಲ್ಲಿ ತಮಿಳುನಾಡಿನವು ಎರಡು: ಕರೈವೆಟ್ಟಿ ಪಕ್ಷಿಧಾಮ ಮತ್ತು ಲಾಂಗ್‌ವುಡ್ ಶೋಲಾ. ಉಳಿದ ಮೂರೂ ಕರ್ನಾಟಕದವು: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಗಡಿಯ ಈಚೆ ಇರುವ ನಮಗೆ ಇದೊಂದು ಸಂತೋಷದ ಸಂಗತಿಯಲ್ಲವೇ? ಹೆಬ್ಬಾತುಗಳು ಬರುವ ಬಯಲುಸೀಮೆಯ ಕೆರೆಯೂ, ನೀಲಗಿರಿ ಕಾಡುಪಾರಿವಾಳ ಕೂಗುವ ನಮ್ಮ ಬೆಟ್ಟದ ಕಾಡೂ ಒಂದೇ ದಿನ ಒಂದೇ ಪಟ್ಟಿಗೆ ಸೇರಿದವು.

ಸರಿ, ಭಾವನ ಕಥೆಗೆ ಬರೋಣ. ಹನ್ನೊಂದು ಗಂಟೆಗೆ ಬಂದರು. ಕೈಯಲ್ಲಿ ಬೇರುಸಹಿತ ಕಿತ್ತ ಒಂದು ಗಿಡ. "ನೋಡಮ್ಮ, ಇದೇ ನಮ್ಮ ಶತ್ರು" ಎಂದು ತೋರಿಸಿದರು. ಕಿತ್ತಳೆ ಬಣ್ಣದ ಹೂ, ನೋಡಲು ಚೆಂದ. ಹೆಸರು ಸೆಸ್ಟ್ರಮ್. ಅಮೆರಿಕ ಖಂಡದಿಂದ ಹೂದೋಟಕ್ಕೆಂದು ಬಂದ ಗಿಡ. ಅದರ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಕಾಡಿನೊಳಗೆ ಹಾಕುತ್ತವೆ. ಒಮ್ಮೆ ಬೇರೂರಿದರೆ ಪೊದೆಯಾಗಿ ಹಬ್ಬಿ ಶೋಲಾ ಮರದ ಸಸಿಗಳಿಗೆ ಬೆಳಕೂ ಇಲ್ಲ, ಜಾಗವೂ ಇಲ್ಲ.

"ಒಮ್ಮೆ ಎಲ್ಲರೂ ಸೇರಿ ಕಿತ್ತುಹಾಕಿದರೆ ಮುಗಿಯಲಿಲ್ಲವೇ?" ಎಂದು ಕೇಳಿದೆ.

ಭಾವ ನಕ್ಕರು. "ಅದೇ ಎಲ್ಲರೂ ಮಾಡುವ ತಪ್ಪು. ಜೂನ್ 5ಕ್ಕೆ ಪರಿಸರ ದಿನ ಅಂತ ಬರುತ್ತಾರೆ. ಬ್ಯಾನರ್ ಕಟ್ಟುತ್ತಾರೆ, ಫೋಟೋ ತೆಗೆಸುತ್ತಾರೆ, ಒಂದು ಸಸಿ ನೆಡುತ್ತಾರೆ. ಆಮೇಲೆ ಬರುವ ಜೂನ್ 5ರವರೆಗೆ ಯಾರೂ ಇಲ್ಲ. ಈ ಗಿಡವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಬೇಕು. ಕಿತ್ತರೂ ನೆಲದೊಳಗೆ ಬೀಜ ಇರುತ್ತದೆ. ಮುಂದಿನ ಮಳೆಗೆ ಮೊಳೆಯುತ್ತದೆ. ಹಣ್ಣಾಗುವುದಕ್ಕೆ ಮುಂಚೆ ಮತ್ತೆ ಹೋಗಬೇಕು. ಮುಂದಿನ ವರ್ಷ ಮತ್ತೆ. ಅದರ ಮುಂದಿನ ವರ್ಷ ಮತ್ತೆ. ಇದು ಮದುವೆಯ ಅಡುಗೆ ಅಲ್ಲಮ್ಮ, ಮನೆಯ ದಿನದ ಅಡುಗೆ."

ಆಮೇಲೆ ಅವರು ಕಪಾಟಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. ಯಾವ ದಿನ ಕಾಡಿನ ಯಾವ ಮೂಲೆಯಲ್ಲಿ ಕಳೆ ಕಿತ್ತದ್ದು, ಯಾವ ಮರ ಯಾವಾಗ ಹಣ್ಣು ಬಿಟ್ಟಿತು, ಯಾವ ಕಡೆ ಕಾಟಿ ಓಡಾಡುತ್ತದೆ, ಬೇಸಿಗೆಯಲ್ಲಿ ಒರತೆಯಿಂದ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತು, ಎಲ್ಲವೂ ಅದರಲ್ಲಿದೆ. ನಡುವೆ ಕೆಲವು ಪುಟಗಳು ಖಾಲಿ. "ಇದೇಕೆ ಭಾವ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆ ವರ್ಷ ಅವರಿಗೆ ಹೃದಯದ ಆಪರೇಷನ್ ಆಗಿತ್ತು. ಆರೇಳು ತಿಂಗಳು ಮನೆಯಿಂದ ಹೊರಗೆ ಹೋಗಲಿಲ್ಲ. ಅವರು ಕರೆಯದಿದ್ದರೆ ಬೇರೆ ಯಾರೂ ಹೊರಡಲಿಲ್ಲ. ಇಲಾಖೆಗೆ ಫೋನ್ ಮಾಡುವುದು ಯಾರೆಂದು ಗೊತ್ತಿಲ್ಲ, ಕತ್ತಿ ಗುದ್ದಲಿ ಯಾರ ಮನೆಯಲ್ಲಿವೆ ಎಂದೂ ಗೊತ್ತಿಲ್ಲ. ಮರುವರ್ಷ ಭಾವ ಹೋಗಿ ನೋಡಿದರೆ ಮೂರು ವರ್ಷ ಕಿತ್ತು ಸ್ವಚ್ಛ ಮಾಡಿದ್ದ ಮೂಲೆಯಲ್ಲಿ ಸೊಂಟದೆತ್ತರ ಸೆಸ್ಟ್ರಮ್, ಮೈತುಂಬ ಹಣ್ಣು.

"ತಪ್ಪು ಅವರದಲ್ಲ, ನನ್ನದು" ಎಂದರು ಭಾವ. "ಎಲ್ಲವನ್ನೂ ನಾನೇ ಮಾಡಿದೆ. ಮುಂದಾಳು ಅಂದರೆ ಎಲ್ಲರಿಗಿಂತ ಹೆಚ್ಚು ಗಿಡ ಕೀಳುವವನು ಅಂದುಕೊಂಡಿದ್ದೆ. ನಾನು ಇಲ್ಲದ ದಿನವೂ ಕೆಲಸ ನಡೆಯುವ ಹಾಗೆ ಮಾಡುವವನು ಮುಂದಾಳು. ಅದು ತಿಳಿಯುವ ಹೊತ್ತಿಗೆ ಮಂಡಿ ಹೋಯಿತು."

ಓದುಗರೆ, ಈ ಮಾತು ನನ್ನನ್ನು ಚುಚ್ಚಿತು. ನಮ್ಮ ಮನೆ, ನಮ್ಮ ಸಂಘ, ನಮ್ಮ ಮಹಿಳಾ ಮಂಡಳಿ, ಎಲ್ಲ ಕಡೆಯೂ ಇದೇ ಕಥೆಯಲ್ಲವೇ? ಒಬ್ಬರೇ ಓಡಾಡುತ್ತಾರೆ. ಉಳಿದವರು "ಅವರಿದ್ದಾರಲ್ಲ" ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಅವರು ಮಲಗಿದ ದಿನ ಎಲ್ಲವೂ ಮಲಗುತ್ತದೆ.

ಹಾಗಿಲ್ಲದ ಉದಾಹರಣೆಯೂ ನೀಲಗಿರಿಯಲ್ಲೇ ಇದೆ. 1877ರಲ್ಲಿ ಇಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ ಎಂಬ ಸಂಘ ಹುಟ್ಟಿತು. ಕಟ್ಟಿದವರು ಬೇಟೆಗಾರರು. ಹೀಗೇ ಕೊಲ್ಲುತ್ತಾ ಹೋದರೆ ನಾಳೆ ಬೇಟೆಗೂ ಪ್ರಾಣಿ ಸಿಗದು ಎಂಬ ಭಯ ಅವರಿಗೆ. ಅದೇ ಸಂಘ ಕಾಲಕ್ರಮೇಣ ಬೇಟೆ ಬಿಟ್ಟು ವನ್ಯಜೀವಿ ಮತ್ತು ಪರಿಸರ ಸಂಘವಾಯಿತು. ತಲೆಮಾರಿನಿಂದ ತಲೆಮಾರಿಗೆ ಕೈ ಬದಲಾಯಿಸಿದ್ದರಿಂದಲೇ ಅದು ನೂರು ವರ್ಷ ದಾಟಿತು.

ಆ ಸಂಘದಲ್ಲಿ ದುಡಿದವರಲ್ಲಿ ಒಬ್ಬರು ಇ. ಆರ್. ಸಿ. ಡೇವಿಡಾರ್. ವೃತ್ತಿಯಿಂದ ವಕೀಲರು. 'ವರೆಯಾಡು' ಎಂದು ತಮಿಳರು ಕರೆಯುವ ನೀಲಗಿರಿ ಥಾರ್, ಅಂದರೆ ಬಂಡೆಯ ಮೇಲೆ ಓಡಾಡುವ ಕಾಡುಮೇಕೆಗಳು ಎಷ್ಟು ಉಳಿದಿವೆ ಎಂದು ಎಣಿಸಲು ಅವರು ಹೊರಟರು. ನೀಲಗಿರಿಯಲ್ಲಿ ಅವರು ನಡೆಸಿದ ಎಣಿಕೆ 1963ರಲ್ಲಿ ಪ್ರಕಟವಾಯಿತು. 1975ರಿಂದ ಪಶ್ಚಿಮ ಘಟ್ಟದ ಉದ್ದಕ್ಕೂ ಅವನ್ನು ಹುಡುಕಿದರು. ಥಾರ್ ಇಂದು ತಮಿಳುನಾಡಿನ ರಾಜ್ಯಪ್ರಾಣಿ. 2022ರಲ್ಲಿ ಸರ್ಕಾರ ಅದರ ರಕ್ಷಣೆಗೆ ಪ್ರತ್ಯೇಕ ಯೋಜನೆ ಪ್ರಕಟಿಸಿದಾಗ, ಡೇವಿಡಾರ್ ಅವರ ಗೌರವಾರ್ಥ ಅಕ್ಟೋಬರ್ 7ನ್ನು ಥಾರ್ ದಿನವೆಂದು ಘೋಷಿಸಿತು. 2024ರ ಗಣತಿಯಲ್ಲಿ ತಮಿಳುನಾಡಿನಲ್ಲಿ 1,031 ಥಾರ್‌ಗಳು, 2025ರಲ್ಲಿ 1,303 ಲೆಕ್ಕಕ್ಕೆ ಸಿಕ್ಕವು. ಅವರ ಕಾಲದ ಲೆಕ್ಕ ಕಾಗದದ ಮೇಲೆ ಉಳಿದದ್ದರಿಂದ ಇಂದಿನವರಿಗೆ ಹೋಲಿಸಿ ನೋಡಲು ಸಾಧ್ಯವಾಗಿದೆ. ಬರೆದಿಟ್ಟ ನೋಟ್‌ಬುಕ್ಕಿನ ಬೆಲೆ ಅಷ್ಟು!

ಇಂಥ ಕೆಲಸಕ್ಕೆ ಕಾನೂನಿನಲ್ಲೂ ಸ್ಥಾನವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಜ್ಯ ಸರ್ಕಾರಗಳು ಸಾಮಾನ್ಯ ನಾಗರಿಕರನ್ನು ಗೌರವ ವನ್ಯಜೀವಿ ವಾರ್ಡನ್ನರಾಗಿ ನೇಮಿಸಬಹುದು. ಆದರೆ ಹುದ್ದೆ ಇಲ್ಲದೆಯೂ ಮಾಡಬಹುದಾದದ್ದು ಬಹಳ. ಭಾವ ಹೇಳಿದ ನಾಲ್ಕು ಮಾತುಗಳನ್ನು ಇಲ್ಲಿ ಕೊಡುತ್ತೇನೆ.

ಒಂದು, ಅನುಮತಿ ಇಲ್ಲದೆ ಕಾಡಿಗೆ ಹೋಗಬೇಡಿ. ಮೊದಲು ನಿಮ್ಮ ವಲಯ ಅರಣ್ಯಾಧಿಕಾರಿಯನ್ನು ಕಂಡು ಮಾತಾಡಿ. ಎರಡು, ಮರ ಕಡಿಯುವವರನ್ನು ಕಂಡರೆ ನೀವೇ ಜಗಳಕ್ಕೆ ನಿಲ್ಲಬೇಡಿ, ಇಲಾಖೆಗೆ ತಿಳಿಸಿ. ಕಾವಲು ನಮ್ಮದು, ದಂಡನೆ ಕಾನೂನಿನದು. ಮೂರು, ಸಸಿ ನೆಡುವ ಆತುರಕ್ಕಿಂತ ಕಳೆ ಕೀಳುವ ತಾಳ್ಮೆ ಮುಖ್ಯ. ಹುಲ್ಲುಗಾವಲಿನಲ್ಲಿ ಮರ ನೆಡುವುದೂ ತಪ್ಪೇ. ನಾಲ್ಕು, ಮೊದಲ ದಿನದಿಂದಲೇ ನಿಮ್ಮ ಜೊತೆ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರೊಬ್ಬರು ಇರಲಿ.

ನಾಲ್ಕನೆಯದೇ ಕಷ್ಟ. ಊರಿನ ಹುಡುಗರು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಸೇರಿದ್ದಾರೆ. ಹಸಿರೆಲೆಯ ಬೆಲೆ ನಂಬಿ ಕೂತರೆ ಹೊಟ್ಟೆ ತುಂಬದು. ಅವರನ್ನು ಬೈಯುವ ಹಾಗಿಲ್ಲ.

ನಾನು ಹೊರಡುವ ದಿನ ಪಕ್ಕದ ಮನೆಯ ಹುಡುಗಿ ಬಂದಳು. ಕಾಲೇಜಿನ ಎರಡನೆಯ ವರ್ಷ. "ತಾತ, ಈ ಶನಿವಾರ ಬರುತ್ತೀರಾ?" ಎಂದು ಕೇಳಿದಳು. "ಮಂಡಿ ಬಿಡುವುದಿಲ್ಲವಲ್ಲ ಮಗಳೇ" ಎಂದರು ಭಾವ. ಅವಳು, "ನೀವು ಕಾಡಿನ ಅಂಚಿನಲ್ಲಿ ಕೂತಿರಿ ಸಾಕು. ಯಾವುದು ಕಳೆ, ಯಾವುದು ಶೋಲಾ ಸಸಿ ಅಂತ ನನ್ನ ಗೆಳತಿಯರಿಗೆ ತಿಳಿಯುವುದಿಲ್ಲ. ಕಿತ್ತು ತಂದು ತೋರಿಸುವ ಮೊದಲು ಕೂಗಿ ಕೇಳುತ್ತೇವೆ" ಎಂದಳು.

ಭಾವ ಒಳಗೆ ಹೋಗಿ ನೋಟ್‌ಬುಕ್ ತಂದು ಅವಳ ಕೈಗೆ ಕೊಟ್ಟರು. ಕೊಡುವಾಗ ಒಂದು ಕ್ಷಣ ಬಿಡಲಿಲ್ಲ. ಆಮೇಲೆ ಬಿಟ್ಟರು. "ಖಾಲಿ ಪುಟ ಬಿಡಬೇಡ" ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಕೂತು ಅಕ್ಕ ತುಂಬಿಕೊಟ್ಟ ಬಾಟಲಿಯ ನೀರು ಕುಡಿದೆ. ಆ ಕಾಡಿನ ನೀರು. ನಿಮ್ಮ ಊರಿನ ನೀರು ಎಲ್ಲಿ ಹುಟ್ಟುತ್ತದೆ, ಅದನ್ನು ಕಾಯುವವರು ಯಾರು, ಅವರ ವಯಸ್ಸೆಷ್ಟು ಎಂದು ಈ ತಿಂಗಳು ಒಮ್ಮೆ ವಿಚಾರಿಸಿ ನೋಡಿ. ಗೊತ್ತಾದರೆ ನನಗೂ ಬರೆಯಿರಿ.

ಮುಂದಿನ ತಿಂಗಳು ಮತ್ತೆ ಸಿಗೋಣ.