ಮಂಗನ ಕಾಯಿಲೆಗೆ ಪ್ರಯೋಗಾಲಯವಷ್ಟೇ ಸಾಲದು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ವಿಜ್ಞಾನಿಗಳು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಪತ್ತೆ ಮಾಡಿದ್ದು ಉಣುಗುಗಳಿಂದ ಹರಡುವ ಹೊಸ ವೈರಾಣುವನ್ನು. ಆಗ ಗೊತ್ತಿದ್ದ ಅದರ ಹತ್ತಿರದ ಬಂಧುಗಳಿದ್ದದ್ದು ದೂರದ ರಷ್ಯಾದ ಕಾಡುಗಳಲ್ಲಿ.

ಆರು ದಶಕಗಳ ನಂತರ, 2019ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ಮಂಗನ ಕಾಯಿಲೆಗೆ ಜನ ಬಲಿಯಾದರು.

ಹಲವು ಡೋಸ್ ಬೇಡುತ್ತಿದ್ದ ಹಳೆಯ ಲಸಿಕೆಯಿಂದ ಜನ ದೂರ ಸರಿದದ್ದೇಕೆ? ಭಯವಿದ್ದರೂ ತರಗೆಲೆ, ಸೌದೆಗೆ ಕಾಡು ಹೊಗುವುದು ತಪ್ಪುತ್ತಿಲ್ಲವೇಕೆ? ಕಾಯಿಲೆ ಹರಡಿರುವ ಗೋವಾದ ಗೇರುತೋಟಗಳ ಕೂಲಿಕಾರರಿಗೆ ಎಚ್ಚರಿಕೆ ತಲುಪಿಸುವವರು ಯಾರು? ಇವು ಮನೋವಿಜ್ಞಾನ, ಅರ್ಥಶಾಸ್ತ್ರಗಳ ಪ್ರಶ್ನೆಗಳು. ಹೊಸ ಲಸಿಕೆಗೆ ಮೀಸಲಿಡುವ ಹಣದಲ್ಲಿ ಈ ಕ್ಷೇತ್ರಗಳ ಸಂಶೋಧಕರಿಗೂ ಪಾಲು ಸಿಗಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಇರುವುದೂ ಸಾಗರ ತಾಲ್ಲೂಕಿನಲ್ಲೇ. ಅಲ್ಲಿನ ರಂಗಕರ್ಮಿಗಳನ್ನೂ ಆರೋಗ್ಯ ಇಲಾಖೆ ಜನರಿಗೆ ಎಚ್ಚರಿಕೆ ತಲುಪಿಸುವ ಕೆಲಸಕ್ಕೆ ಕರೆಯಲಿ.