ಕಡೆಯ ಸೇವಂತಿಗೆ

ಶಿವರಾತ್ರಿ ಬಂದಿತೆಂದರೆ ಚಳಿ ಶಿವಶಿವಾ ಎಂದು ಓಡಿಹೋಗುವುದೆಂದು ಹಿರಿಯರ ಮಾತು. ಚಳಿಯ ಜೊತೆಗೆ ಹೊರಡುವ ಇನ್ನೊಬ್ಬ ಅತಿಥಿಯೂ ಉಂಟು; ಅದು ಸೇವಂತಿಗೆ. ಕಾರ್ತಿಕದಿಂದ ಅಂಗಳವನ್ನೆಲ್ಲ ಬೆಳಗಿದ ಗಿಡಗಳು ಮಾಘ ಕಳೆಯುವ ಹೊತ್ತಿಗೆ ಬುಡದ ಎಲೆಗಳನ್ನು ಒಣಗಿಸಿಕೊಂಡು, ತುದಿಯಲ್ಲಿ ನಾಲ್ಕಾರು ಹೂಗಳನ್ನು ಹಿಡಿದು, ಸಂತೆ ಮುಗಿದ ಮೇಲಿನ ಅಂಗಡಿಯಂತೆ ನಿಂತಿರುತ್ತವೆ. ಇರುಳು ನೀಳವಾದರೆ ಮಾತ್ರ ಈ ಗಿಡಕ್ಕೆ ಮೊಗ್ಗು. ಹಗಲು ಬೆಳೆಯತೊಡಗಿದ ಮೇಲೆ ನಾವು ಎಷ್ಟು ನೀರೆರೆದರೂ ಅದರ ಮನಸ್ಸು ಎಲೆಯ ಕಡೆಗೇ.

ಆ ನಾಲ್ಕಾರು ಹೂಗಳು ಯಾರಿಗೆ ಸಲ್ಲಬೇಕು? ನಮ್ಮ ಮನೆಯಲ್ಲಿ ಈ ವರ್ಷ ಉಳಿದದ್ದು ಒಂಬತ್ತು. “ದೇವರಿಗೂ ಇಲ್ಲದೆ, ಮುಡಿಗೂ ಇಲ್ಲದೆ ಮೇಜಿನ ಮೇಲೆ ಬಾಡುವ ಹೂವಿಗೆ ಯಾವ ಪುಣ್ಯವಮ್ಮ?” ಎಂದರು ನನ್ನ ತಾಯಿ. “ಏರಿಸಿದ ಹೂ ನಾಳೆಗೆ ನಿರ್ಮಾಲ್ಯ, ಅತ್ತೆ. ನೀರಿನಲ್ಲಿಟ್ಟರೆ ಒಂದು ವಾರವಾದರೂ ನಿಮ್ಮ ಕಣ್ಣೆದುರಿಗೆ ಇರುತ್ತದೆ” ಎಂದಳು ಸೊಸೆ. ಮಂಡಿನೋವಿನಿಂದ ತಾಯಿಯವರು ಅಂಗಳಕ್ಕಿಳಿದು ಎರಡು ತಿಂಗಳಾಗಿತ್ತು. ಆ ಗಿಡಗಳನ್ನು ನೆಟ್ಟವರು ಅವರೇ. ಈ ಸಲ ಅವು ಅರಳಿದ್ದನ್ನು ಕಂಡದ್ದು ಹೂಬುಟ್ಟಿಯಲ್ಲಿ ಮಾತ್ರ. ತಾಯಿ ಮಾತನಾಡಲಿಲ್ಲ. ಎರಡು ಹೂ ದೇವರ ಪಾಲಾದವು, ಏಳು ಅವರ ಕೋಣೆಗೆ ಬಂದವು.

ನಮ್ಮಲ್ಲಿ ಹೂವನ್ನು ಬಿಡಿಸುವುದುಂಟು, ಕತ್ತರಿಸುವುದಿಲ್ಲ. ಮಾಲೆಗೆ ಗೇಣುದ್ದದ ಕಡ್ಡಿ ಬೇಕಿಲ್ಲ. ಹೂದಾನಿಗೆ ಅದೇ ಪ್ರಾಣ. ಸುಗ್ಗಿಯಲ್ಲಿ ಕಡ್ಡಿ ಕತ್ತರಿಸಿದರೆ ಪಕ್ಕದ ಮೊಗ್ಗುಗಳೂ ಹೋಗುವುವೆಂದು ಯಾವ ಗೃಹಿಣಿಯೂ ಒಪ್ಪಲಾರಳು, ಅದು ನ್ಯಾಯವೇ. ಆದರೆ ಕಡೆಯ ಹೂವಿನ ಕೆಳಗೆ ಕಾಯುವ ಮೊಗ್ಗೇ ಇಲ್ಲ. ಹೂ ಮುಗಿದ ಗಿಡವನ್ನು ಹೇಗೂ ತಗ್ಗಿಸಬೇಕು. ಆದ್ದರಿಂದ ಹೂದಾನಿಗೆ ನಿಜವಾಗಿ ಹಕ್ಕಿನ ಹೂವೆಂದರೆ ಕಡೆಯ ಹೂವೇ ಎಂದು ನನ್ನ ಎಣಿಕೆ.

ಬೆಳಗಿನ ತಂಪಿನಲ್ಲಿ ಹರಿತವಾದ ಕತ್ತರಿಯಿಂದ ಕೊಯ್ದು, ಕಡ್ಡಿಯ ತುದಿಯನ್ನು ಬಕೆಟ್ಟಿನ ನೀರೊಳಗೆ ಮುಳುಗಿಸಿಯೇ ಮತ್ತೊಮ್ಮೆ ಓರೆಯಾಗಿ ಕತ್ತರಿಸಬೇಕು. ಇಲ್ಲವಾದರೆ ನೀರೇರುವ ನಾಳಗಳಿಗೆ ಗಾಳಿ ಹೊಕ್ಕು ದಾರಿ ಕಟ್ಟುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡಿ. ಅವು ಕೊಳೆತು, ಸೂಕ್ಷ್ಮಜೀವಿಗಳು ಬೆಳೆದು, ಕಡ್ಡಿಯ ಬಾಯನ್ನು ಮುಚ್ಚುತ್ತವೆ. ದಿನವೂ ನೀರು ಬದಲಾಗಲಿ. ಬೆಲೆಬಾಳುವ ಗಾಜಿನ ಪಾತ್ರೆಯೇ ಬೇಕೆಂದಿಲ್ಲ. ಕಿರಿದಾದ ಕುತ್ತಿಗೆಯ ಹಿತ್ತಾಳೆಯ ಚೊಂಬು ಕಡ್ಡಿಗಳನ್ನು ಚೆನ್ನಾಗಿ ಹಿಡಿಯುತ್ತದೆ. ಏಳನ್ನೂ ಒಂದೇ ಎತ್ತರಕ್ಕೆ ನಿಲ್ಲಿಸಿದರೆ ಶಾಲೆಯ ಮಕ್ಕಳ ಸಾಲಿನಂತಾದೀತು! ಒಂದು ಎತ್ತರ, ಒಂದು ಬಾಗು, ಒಂದು ಪಾತ್ರೆಯ ಅಂಚಿಗೇ ತಾಗುವಂತೆ.

ಜಪಾನಿನ ಪುಷ್ಪವಿನ್ಯಾಸ ಈ ಅಸಮತೆಯನ್ನೇ ಕಲೆಯಾಗಿ ಬೆಳೆಸಿತು. ಅದರ ಮೂಲವೂ ಬುದ್ಧನ ಮುಂದೆ ಹೂವಿಡುವ ಸೇವೆಯೇ. ಕ್ಯೋಟೋ ನಗರದ ರೊಕ್ಕಾಕುದೋ ದೇವಾಲಯದ ಇಕೆನೊಬೊ ಪರಂಪರೆಯ ಸೆನ್‌ಕೇ ಎಂಬ ಪುರೋಹಿತನ ಹೂವಿನ ಕೌಶಲವನ್ನು 1462ರ ದಿನಚರಿಯೊಂದು ದಾಖಲಿಸಿದೆ. ಇದನ್ನು ಕೇಳಿದ ತಾಯಿಯವರು, “ಹಾಗಾದರೆ ಅಲ್ಲಿಯೂ ಮೊದಲು ದೇವರಿಗೇ ತಾನೆ?” ಎಂದರು.

ಕತ್ತರಿಸಿದ ಗಿಡವನ್ನು ಕಿತ್ತೆಸೆಯಬೇಡಿ. ಗೇಣೆತ್ತರ ಬಿಟ್ಟು ಉಳಿದುದನ್ನು ತೆಗೆದರೆ ಬುಡದ ಸುತ್ತ ಎಳೆಯ ಮರಿಗಳು ಏಳುತ್ತವೆ. ಬೇಸಗೆಯಲ್ಲಿ ಕೊಂಚ ನೆರಳು, ಹದವಾದ ನೀರು ಸಾಕು. ಮಳೆ ಹಿಡಿದಾಗ ಅವನ್ನು ಬೇರುಸಹಿತ ಬಿಡಿಸಿ ಬೇರೆ ಬೇರೆ ನೆಡಬಹುದು.